ಚಿಕ್ಕ ಟ್ರ್ಯಾಕ್ಟರಿನ ಮುಂಗೈ: ಸಲಕರಣೆ ಜೋಡಿಸುವ ಕೀಲನ್ನು ಆರಿಸುವ ಬಗೆ



ಯಾದಗಿರಿ, ಶಹಾಪುರ, ಸುರಪುರ ಈ ಮೂರು ಊರುಗಳಲ್ಲಿ ಮನೆ ಮಾಡಿಕೊಂಡು ನೌಕರಿ ವ್ಯಾಪಾರಗಳಲ್ಲಿ ತೊಡಗಿರುವ ನಮ್ಮಂಥ ಅನೇಕರಿಗೆ ಹಳ್ಳಿಯ ನಂಟು ಇನ್ನೂ ಕಡಿದುಹೋಗಿಲ್ಲ. ತಮ್ಮನೋ ಚಿಕ್ಕಪ್ಪನ ಮಗನೋ ಊರಲ್ಲಿದ್ದು ಹೊಲ ನೋಡಿಕೊಳ್ಳುತ್ತಿರುತ್ತಾನೆ. ಬಿತ್ತನೆ ಯಾವಾಗ, ಬೆಳೆ ಯಾವುದು ಎಂಬುದನ್ನು ಅವನೇ ನಿರ್ಧರಿಸುತ್ತಾನೆ. ಆದರೆ ಯಂತ್ರ ಕೊಳ್ಳುವ ಪ್ರಸಂಗ ಬಂದಾಗ ಮಾತ್ರ ಪಟ್ಟಣದ ಅಣ್ಣನ ನೆನಪಾಗುತ್ತದೆ. ಬ್ಯಾಂಕಿನ ಕಾಗದಕ್ಕೆ ಅಣ್ಣನ ರುಜುವೂ ಬೇಕಾಗುತ್ತದೆ. ಆದುದರಿಂದ ಈ ವಿಷಯ ಹೊಲದವರಿಗೆ ಎಷ್ಟು ಸಂಬಂಧಿಸಿದ್ದೋ, ಪಡಸಾಲೆಯಲ್ಲಿ ಕುಳಿತು ರೇಡಿಯೋ ಕೇಳುವ ನಮಗೂ ಅಷ್ಟೇ ಸಂಬಂಧಿಸಿದ್ದು.

ಸಂಧಿ ಸಮಾಸಗಳನ್ನು ಕಲಿಸುವ ಮೇಷ್ಟ್ರಿಗೆ ಟ್ರ್ಯಾಕ್ಟರಿನ ಗೊಡವೆ ಏಕೆ ಎಂದು ನೀವು ಕೇಳಬಹುದು. ಕಾರಣವಿದೆ. ನನ್ನ ತಮ್ಮನ ಮಗ ಚಿಕ್ಕ ಟ್ರ್ಯಾಕ್ಟರೊಂದನ್ನೂ ಅದರ ಮುಂದುಗಡೆಗೆ ತಿಪ್ಪೆ ಗೊಬ್ಬರ ತುಂಬುವ ಲೋಡರನ್ನೂ ಕೊಂಡನು. ಬಕೆಟ್ಟು ಒಂದು ಕಡೆಯದು. ಸೊಪ್ಪೆ, ಹುಲ್ಲು ಎತ್ತುವ ಮುಳ್ಳುಚೌಕಟ್ಟು ಬೇರೊಂದು ಕಡೆಯದು. ಅಗ್ಗಕ್ಕೆ ಸಿಕ್ಕಿತೆಂದು ತಂದದ್ದು. “ಎಲ್ಲಕ್ಕೂ ಹೊಂದುತ್ತದೆ” ಎಂದು ಮಾರಿದವರು ಹೇಳಿದ್ದರು. ಮನೆಗೆ ತಂದು ನೋಡಿದರೆ ತೂತಿಗೂ ತೂತಿಗೂ ಒಂದು ಬೆರಳಿನಷ್ಟು ಅಂತರ. ಸುತ್ತಿಗೆಯಿಂದ ಬಡಿದು ಕೂಡಿಸುವಾಗ ಚೌಕಟ್ಟು ಜಾರಿ ಹುಡುಗನ ಎಡಗೈ ಉಂಗುರದ ಬೆರಳು ಜಜ್ಜಿಹೋಯಿತು. ಬೆರಳು ಉಳಿಯಿತು, ಮಡಿಚಲು ಬರುವುದಿಲ್ಲ. ಸಾಲದ ಕಾಗದಕ್ಕೆ ನಾನೂ ರುಜು ಹಾಕಿದ್ದೆ. ಆದರೆ ಯಾವ ಕೀಲು, ಯಾವ ಅಳತೆ ಎಂದು ಒಂದು ಮಾತೂ ಕೇಳಿರಲಿಲ್ಲ. ಆ ಬಳಿಕ ಕೇಳಿ, ಓದಿ, ನೋಡಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಎರಡು ಜೋಡಣೆಗಳು

ಮೊದಲು ಲೋಡರೆಂದರೇನು ಎಂಬುದನ್ನು ನೋಡೋಣ. ಟ್ರ್ಯಾಕ್ಟರಿನ ಎರಡು ಪಕ್ಕಗಳಿಂದ ಮುಂದಕ್ಕೆ ಚಾಚಿದ ಎರಡು ಉಕ್ಕಿನ ತೋಳುಗಳು. ಎಣ್ಣೆಯ ಒತ್ತಡದಿಂದ ಅವುಗಳನ್ನು ಏರಿಸಿ ಇಳಿಸುವ ಸಿಲಿಂಡರುಗಳು. ತೋಳಿನ ತುದಿಯಲ್ಲಿ ಬಕೆಟ್ಟು. ನಮ್ಮ ಕಡೆ ಇಂಥ ಯಂತ್ರವನ್ನೆಲ್ಲ ಜನ “ಜೆಸಿಬಿ” ಎಂದುಬಿಡುತ್ತಾರೆ. ಅದು ಯಂತ್ರದ ಹೆಸರಲ್ಲ. 1945ರಲ್ಲಿ ಇಂಗ್ಲೆಂಡಿನಲ್ಲಿ ಕಾರ್ಖಾನೆ ಆರಂಭಿಸಿದ ಜೋಸೆಫ್ ಸಿರಿಲ್ ಬ್ಯಾಮ್‌ಫೋರ್ಡ್ ಎಂಬಾತನ ಹೆಸರಿನ ಮೊದಲಕ್ಷರಗಳು. ಆ ಹಳದಿ ಯಂತ್ರ ಅಗೆಯುವುದಕ್ಕೆಂದೇ ಹುಟ್ಟಿದ್ದು. ನಾನು ಹೇಳುತ್ತಿರುವುದು 20ರಿಂದ 30 ಅಶ್ವಶಕ್ತಿಯ ಚಿಕ್ಕ ಟ್ರ್ಯಾಕ್ಟರಿಗೆ ತೊಡಿಸುವ ಮುಂಗೈಯನ್ನು. ಇವೆರಡರ ಬಲವನ್ನು ಒಂದೇ ತಕ್ಕಡಿಯಲ್ಲಿ ತೂಗಬಾರದು.

ಈ ಮುಂಗೈಯಲ್ಲಿ ಎರಡು ಜೋಡಣೆಗಳಿವೆ. ಲೋಡರು ಟ್ರ್ಯಾಕ್ಟರಿಗೆ ಕೂಡುವುದು ಒಂದು. ಬಕೆಟ್ಟು ಲೋಡರಿನ ತೋಳಿಗೆ ಕೂಡುವುದು ಇನ್ನೊಂದು. ಅಂಗಡಿಯವರು “ಕ್ವಿಕ್ ಅಟ್ಯಾಚ್ ಇದೆ” ಎಂದರೆ ಯಾವುದನ್ನು ಕುರಿತು ಹೇಳುತ್ತಿದ್ದಾರೆ ಎಂದು ಮೊದಲು ಕೇಳಿ. ನಮಗೆ ಎರಡೂ ಮುಖ್ಯ. ಬಸವಸಾಗರದ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತದ ಗದ್ದೆಯನ್ನು ಕೆಸರು ಮಾಡುವಾಗಲಾಗಲಿ, ಹತ್ತಿಯ ಸಾಲುಗಳ ನಡುವೆ ಎಡೆ ಹೊಡೆಯುವಾಗಲಾಗಲಿ ಮುಂದೆ ತೋಳು ಚಾಚಿಕೊಂಡಿರುವುದು ತೊಂದರೆಯೇ. ಆಗ ಲೋಡರನ್ನೇ ಕಳಚಿ ಅದರ ಕಾಲುಗಳ ಮೇಲೆ ನಿಲ್ಲಿಸುವಂತಿರಬೇಕು. ಬೇಸಿಗೆಯಲ್ಲಿ ಗೊಬ್ಬರ ಹೇರಲು, ಕೆರೆಯ ಹೂಳು ಎತ್ತಲು ಮತ್ತೆ ತೊಡಿಸುವಂತಿರಬೇಕು. ಇದು ಮೊದಲನೆಯ ಜೋಡಣೆ. ಬೆಳಿಗ್ಗೆ ಬಕೆಟ್ಟು, ಮಧ್ಯಾಹ್ನ ಹುಲ್ಲಿನ ಮುಳ್ಳು, ಸಂಜೆ ಚೀಲ ಎತ್ತುವ ಕವಲು, ಹೀಗೆ ಬದಲಿಸುವುದು ಎರಡನೆಯ ಜೋಡಣೆ. ಈ ಲೇಖನ ಮುಖ್ಯವಾಗಿ ಎರಡನೆಯದನ್ನು ಕುರಿತದ್ದು.

ನೊಗದಿಂದ ಕಲಿತ ಪಾಠ

ಸಲಕರಣೆ ಬದಲಿಸುವ ವಿದ್ಯೆ ನಮಗೆ ಹೊಸದಲ್ಲ. ನಮ್ಮ ಹಿರಿಯರ ಎತ್ತಿನ ಜೋಡಿಯನ್ನು ನೆನೆದುಕೊಳ್ಳಿ. ನೊಗ ಒಂದೇ. ಅದಕ್ಕೆ ರೆಂಟೆಯ ಈಸನ್ನು ಮಿಣಿಯಿಂದ ಬಿಗಿದರೆ ಉಳುಮೆ. ಅದನ್ನು ಬಿಚ್ಚಿ ಕುಂಟೆ ಕಟ್ಟಿದರೆ ಹರಗುವುದು. ಕೂರಿಗೆ ಕಟ್ಟಿದರೆ ಬಿತ್ತನೆ. ಸುರಪುರದ ಬಡಗಿ ಮಾಡಿದ ಕೂರಿಗೆ ಶಹಾಪುರದ ರೈತನ ನೊಗಕ್ಕೆ ಹೊಂದುತ್ತಿತ್ತು. ಹಗ್ಗವು ಒಂದೆರಡು ಅಂಗುಲದ ಹೆಚ್ಚುಕಡಿಮೆಯನ್ನು ತಾಳಿಕೊಳ್ಳುತ್ತಿತ್ತು. ಉಕ್ಕು ತಾಳಿಕೊಳ್ಳುವುದಿಲ್ಲ. ಉಕ್ಕಿನ ಕೀಲಿಗೆ ಅಳತೆಯ ಕಟ್ಟುಪಾಡು ಬೇಕೇ ಬೇಕು.

ಟ್ರ್ಯಾಕ್ಟರಿನ ಹಿಂಬದಿಗೆ ಈ ಕಟ್ಟುಪಾಡು ಬಹಳ ಹಿಂದೆಯೇ ಬಂತು. ಐರ್ಲೆಂಡಿನ ಹ್ಯಾರಿ ಫರ್ಗುಸನ್ ಎಂಬಾತನು ರೂಪಿಸಿದ ಮೂರು ಬಿಂದುಗಳ ಜೋಡಣೆ 1939ರಲ್ಲಿ ಹೆನ್ರಿ ಫೋರ್ಡನ ಕಾರ್ಖಾನೆಯ ಟ್ರ್ಯಾಕ್ಟರಿನ ಮೂಲಕ ಹೆಸರಾಯಿತು. ಈಗ ಅದು ಎಲ್ಲೆಡೆಯ ಪದ್ಧತಿ. ಚಿಕ್ಕ ಟ್ರ್ಯಾಕ್ಟರಿಗೆ ಒಂದನೆಯ ವರ್ಗ, ಅದರ ಕೆಳಗಿನ ಪಿನ್ನು 22 ಮಿಲಿಮೀಟರು. ದೊಡ್ಡದಕ್ಕೆ ಎರಡನೆಯ ವರ್ಗ, ಪಿನ್ನು 28 ಮಿಲಿಮೀಟರು. ಆದ್ದರಿಂದಲೇ ಒಂದು ಕಂಪನಿಯ ರೋಟವೇಟರು ಇನ್ನೊಂದು ಕಂಪನಿಯ ಟ್ರ್ಯಾಕ್ಟರಿಗೆ ಹೊಂದುತ್ತದೆ. ಮುಂಬದಿಯ ಲೋಡರಿಗೆ ಇಂಥ ಒಂದೇ ಪದ್ಧತಿ ಬೆಳೆದುಬರಲಿಲ್ಲ. ಹಲವು ಪದ್ಧತಿಗಳು ಬೆಳೆದವು. ನಮ್ಮ ಹುಡುಗನ ಬೆರಳಿನ ಕಥೆಗೆ ಮೂಲ ಇಲ್ಲಿದೆ.

ನಾಲ್ಕು ಬಗೆಯ ಕೀಲುಗಳು

ಮೊದಲನೆಯದು ನೇರ ಪಿನ್ನಿನ ಜೋಡಣೆ. ತೋಳುಗಳ ತುದಿಗೂ ಬಕೆಟ್ಟು ಮಗುಚುವ ಸಿಲಿಂಡರುಗಳಿಗೂ ಬಕೆಟ್ಟನ್ನು ನೇರವಾಗಿ ನಾಲ್ಕು ಪಿನ್ನುಗಳಿಂದ ಕೂಡಿಸುವುದು. ನಮ್ಮ ಬಂಡಿಯ ಕಡೆಗೀಲಿನ ಹಾಗೆ ಸರಳ, ಅಗ್ಗ, ಗಟ್ಟಿ. ಬಕೆಟ್ಟು ತೋಳಿಗೆ ಅತಿ ಸಮೀಪವಿರುವುದರಿಂದ ಎತ್ತುವ ಬಲ ಪೂರ್ತಿಯಾಗಿ ಉಳಿಯುತ್ತದೆ. ದೋಷವೆಂದರೆ ಬದಲಿಸುವ ಶ್ರಮ. ನಾಲ್ಕು ಪಿನ್ನು ಬಡಿದು ತೆಗೆಯಬೇಕು, ತೂತುಗಳನ್ನು ನೇರಕ್ಕೆ ತಂದು ಮತ್ತೆ ಬಡಿಯಬೇಕು. ಬೆರಳುಗಳಿಗೆ ಅಪಾಯವಿರುವುದು ಮುಖ್ಯವಾಗಿ ಈ ಕೆಲಸದಲ್ಲಿ.

ಎರಡನೆಯದು ಚಪ್ಪಟೆ ಫಲಕದ ಜೋಡಣೆ. ಸ್ಕಿಡ್ ಸ್ಟಿಯರ್ ಪದ್ಧತಿ ಎಂದು ಇದರ ಹೆಸರು. ಇದರ ಕಥೆ ಸ್ವಾರಸ್ಯವಾಗಿದೆ. ಅಮೆರಿಕದ ಮಿನ್ನೆಸೋಟದಲ್ಲಿ ಕೆಲ್ಲರ್ ಎಂಬ ಅಣ್ಣತಮ್ಮಂದಿರು 1957ರಲ್ಲಿ ಒಬ್ಬ ಟರ್ಕಿ ಕೋಳಿ ಸಾಕುವವನಿಗಾಗಿ, ಕಂಬಗಳ ನಡುವೆ ನುಸುಳಿ ಗೊಬ್ಬರ ತೆಗೆಯುವ ಪುಟ್ಟ ಯಂತ್ರ ಮಾಡಿಕೊಟ್ಟರು. ಅದು ಬೆಳೆದು ಬಾಬ್‌ಕ್ಯಾಟ್ ಯಂತ್ರವಾಯಿತು. ಆ ಕಂಪನಿ 1970ರಲ್ಲಿ ತಂದ ಫಲಕದ ಕೀಲು ಎಷ್ಟು ಹಬ್ಬಿತೆಂದರೆ, ಐಎಸ್‌ಒ 24410 ಎಂಬ ಅಂತರರಾಷ್ಟ್ರೀಯ ಮಾನಕವೇ ಬಂತು. ತೋಳಿನ ತುದಿಯ ಫಲಕದ ಮೇಲಂಚು ಬಕೆಟ್ಟಿನ ಬೆನ್ನಿನ ತುಟಿಯೊಳಕ್ಕೆ ಸೇರಿಕೊಳ್ಳುತ್ತದೆ. ಕೆಳಗಡೆ ಎರಡು ಬೆಣೆಯಾಕಾರದ ಗೂಟಗಳು ಸಂದುಗಳೊಳಗೆ ಇಳಿಯುತ್ತವೆ. ಎರಡು ಹಿಡಿಕೆ ಒತ್ತಿದರೆ ಕೆಲಸ ಮುಗಿಯಿತು. ಗೂಟ ಬೆಣೆಯಾದುದರಿಂದ ಸವೆದರೂ ತಾನಾಗಿ ಬಿಗಿಯಾಗುತ್ತದೆ. ಆದರೆ ಫಲಕ ಭಾರ. ಚಾಲಕನ ದೃಷ್ಟಿಗೂ ಸ್ವಲ್ಪ ಅಡ್ಡ.

ಮೂರನೆಯದು ಯೂರೋ ಪದ್ಧತಿ. ಯುರೋಪಿನ ಕೃಷಿ ಟ್ರ್ಯಾಕ್ಟರುಗಳಲ್ಲಿ ಬಳಕೆಯದು. ಇದರ ಮಾನಕ ಐಎಸ್‌ಒ 23206. ಸಲಕರಣೆಯ ಮೇಲ್ಭಾಗದ ಎರಡು ಕೊಕ್ಕೆಗಳು ಲೋಡರಿನ ಅಡ್ಡಕಂಬಿಯ ಮೇಲೆ ಕೂಡುತ್ತವೆ. ಕೆಳಗಡೆ ಎರಡು ಪಿನ್ನುಗಳು ಬಳೆಗಳೊಳಗೆ ಹಾಯುತ್ತವೆ. ಚೌಕಟ್ಟಿನ ನಡುವೆ ಬಯಲು ಇರುವುದರಿಂದ ಸಲಕರಣೆಯ ತುದಿ ಚಾಲಕನಿಗೆ ಚೆನ್ನಾಗಿ ಕಾಣುತ್ತದೆ.

ನಾಲ್ಕನೆಯದು ಆಯಾ ತಯಾರಕರ ಸ್ವಂತ ಕೊಕ್ಕೆ. ಜಾನ್ ಡೀರ್ ಕಂಪನಿಯಂಥ ದೊಡ್ಡ ತಯಾರಕರಲ್ಲೂ ಸ್ವಂತ ಪದ್ಧತಿಯುಂಟು. ಕೆಲಸದಲ್ಲಿ ಇವು ಕಡಿಮೆಯವಲ್ಲ. ಆದರೆ ಒಮ್ಮೆ ಕೊಂಡರೆ ಮುಂದಿನ ಸಲಕರಣೆಗಳನ್ನೂ ಅವರಲ್ಲಿಯೇ ಕೊಳ್ಳಬೇಕು, ಇಲ್ಲವೇ ನಡುವೆ ಇನ್ನೊಂದು ಪರಿವರ್ತಕ ಫಲಕ ಹಾಕಬೇಕು.

“ಯೂನಿವರ್ಸಲ್” ಎಂಬ ಮಾತನ್ನು ಮಾತ್ರ ನಂಬಬೇಡಿ. ವಿಶೇಷಣವು ನಾಮಪದಕ್ಕೆ ಶೋಭೆ ತರಬಹುದು, ಅಳತೆ ತರಲಾರದು. ತೀರ ಚಿಕ್ಕ ಯಂತ್ರಗಳಿಗೆ ಕಿರಿದಾದ ಫಲಕಗಳೂ ಇವೆ. ಅವು ಮೇಲೆ ಹೇಳಿದ ಮಾನಕದ ಫಲಕಕ್ಕೆ ಹೊಂದುವುದಿಲ್ಲ. ಯಾವ ಮಾನಕ ಎಂದು ಕೇಳಿ, ಅದನ್ನು ರಸೀದಿಯಲ್ಲಿ ಬರೆಸಿಕೊಳ್ಳಿ.

ತೂಕದ ಲೆಕ್ಕ

ತ್ವರಿತ ಜೋಡಣೆ ಪುಕ್ಕಟೆಯಾಗಿ ಬರುವುದಿಲ್ಲ. ಎತ್ತುವ ಬಲದಲ್ಲಿ ಅದರ ಬೆಲೆ ತೆರಬೇಕು. ಒಂದು ಉದಾಹರಣೆಯ ಲೆಕ್ಕ ಮಾಡೋಣ. ಪಿನ್ನಿನ ಬಳಿ 400 ಕಿಲೋ ಎತ್ತುವ ಲೋಡರೆಂದಿಟ್ಟುಕೊಳ್ಳಿ. ತೋಳಿನ ಉದ್ದ 180 ಸೆಂಟಿಮೀಟರು; ಬಕೆಟ್ಟಿನೊಳಗಿನ ಭಾರದ ಕೇಂದ್ರ ಪಿನ್ನಿನಿಂದ 40 ಸೆಂಟಿಮೀಟರು ಮುಂದೆ. ಬಾವಿಯ ಏತದ ನ್ಯಾಯದಂತೆ ದೂರ ಹೆಚ್ಚಿದಷ್ಟೂ ಬಲ ಕುಂದುತ್ತದೆ. 400ನ್ನು 180ರಿಂದ ಗುಣಿಸಿ 220ರಿಂದ ಭಾಗಿಸಿದರೆ ಸುಮಾರು 327 ಕಿಲೋ. ಇದರಲ್ಲಿ ಬಕೆಟ್ಟಿನ ತೂಕ 80 ಕಿಲೋ ಕಳೆದರೆ ಉಳಿಯುವುದು 247.

ಈಗ ನಡುವೆ 40 ಕಿಲೋ ತೂಕದ, ಭಾರವನ್ನು 12 ಸೆಂಟಿಮೀಟರು ಮುಂದಕ್ಕೆ ತಳ್ಳುವ ಜೋಡಣೆಯ ಚೌಕಟ್ಟನ್ನು ಸೇರಿಸಿ. ಭಾಜಕ 232 ಆಗುತ್ತದೆ. ಬಲ 310ಕ್ಕೆ ಇಳಿಯುತ್ತದೆ. ಬಕೆಟ್ಟು ಮತ್ತು ಚೌಕಟ್ಟು ಸೇರಿ 120 ಕಿಲೋ ಕಳೆದರೆ ಉಳಿಯುವುದು 190 ಮಾತ್ರ. ಹೆಚ್ಚು ಕಡಿಮೆ ಕಾಲುಭಾಗ ಹೋಯಿತು! ದೊಡ್ಡ ಟ್ರ್ಯಾಕ್ಟರಿಗೆ ಈ ನಷ್ಟ ಗಣನೆಗೆ ಬಾರದು, ಚಿಕ್ಕದಕ್ಕೆ ಬರುತ್ತದೆ. ಆದುದರಿಂದ ಚಿಕ್ಕ ಟ್ರ್ಯಾಕ್ಟರಿಗೆ ಹಗುರವಾದ, ತೋಳಿಗೆ ಅಂಟಿಕೊಂಡಿರುವ ಜೋಡಣೆಯೇ ಲೇಸು. ಪಿನ್ನಿನ ಲೋಡರಿನ ಮೇಲೆ ಆಮೇಲೆ ಸೇರಿಸುವ ಚೌಕಟ್ಟಿಗಿಂತ, ತೋಳಿನೊಡನೆಯೇ ಮಾಡಿಬಂದ ಜೋಡಣೆ ಮೇಲು.

190 ಕಿಲೋ ಎಂದರೆ ನಮ್ಮ ಹೊಲದ ಭಾಷೆಯಲ್ಲಿ ಎಷ್ಟು? ಹಸಿ ಎರೆಮಣ್ಣು ಘನಮೀಟರಿಗೆ ಸುಮಾರು 1,700 ಕಿಲೋ ತೂಗುತ್ತದೆಂದು ಹಿಡಿದರೆ 110 ಲೀಟರಿನಷ್ಟು ಮಣ್ಣು. ತಿಪ್ಪೆ ಗೊಬ್ಬರ 600 ಕಿಲೋ ಎಂದು ಹಿಡಿದರೆ 300 ಲೀಟರಿಗೂ ಮೇಲು. ಹೀಗಾಗಿ 200 ಲೀಟರಿನ ಬಕೆಟ್ಟನ್ನು ಗೊಬ್ಬರದಿಂದ ಧಾರಾಳವಾಗಿ ತುಂಬಬಹುದು. ಕೆರೆಯ ಹೂಳಿನಿಂದ ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ. ಕವಲಿನ ತೂಕ ಬಕೆಟ್ಟಿನಷ್ಟೇ ಇದ್ದರೆ 75 ಕಿಲೋದ ಭತ್ತದ ಚೀಲ ಎರಡು ಸರಿ, ಮೂರನೆಯದು ಬೇಡ. ಚೀಲಗಳು ಕವಲಿನ ತುದಿಯತ್ತ ಸರಿದಷ್ಟೂ ಭಾರ ಹೆಚ್ಚಾಗುತ್ತದೆಂಬುದನ್ನೂ ಮರೆಯಬೇಡಿ. ನಿಮ್ಮ ಯಂತ್ರದ ಅಂಕಿಗಳು ಬೇರೆಯಿರುತ್ತವೆ. ಲೆಕ್ಕದ ಹಾದಿ ಮಾತ್ರ ಇದೇ. ಕೈಪಿಡಿಯಲ್ಲಿ ಬರೆದ ಎತ್ತುವ ಬಲ ಪಿನ್ನಿನ ಬಳಿಯದೋ, ಪಿನ್ನಿನಿಂದ ಮುಂದಿನದೋ ಎಂದು ತಪ್ಪದೆ ಕೇಳಿ.

ನಮ್ಮ ಮಣ್ಣಿಗೆ ಯಾವುದು?

ವರ್ಷಕ್ಕೆ ಎಷ್ಟು ಸಲ ಸಲಕರಣೆ ಬದಲಿಸುತ್ತೀರಿ ಎಂಬುದೇ ಮುಖ್ಯ ಪ್ರಶ್ನೆ. ಬೇಸಿಗೆಯಲ್ಲಿ ಗೊಬ್ಬರ, ಹೂಳು ಇಷ್ಟೇ ಕೆಲಸವಾದರೆ ಬಕೆಟ್ಟೊಂದೇ ಸಾಕು. ನೇರ ಪಿನ್ನಿನ ಜೋಡಣೆಯನ್ನೇ ಕೊಳ್ಳಿ, ಉಳಿದ ಹಣವನ್ನು ಮನೆಯಲ್ಲಿಡಿ. ಭತ್ತದ ಹುಲ್ಲು, ಹತ್ತಿಯ ಕಟ್ಟಿಗೆ, ಚೀಲ ಇವೆಲ್ಲವೂ ಉಂಟು, ವಾರಕ್ಕೊಮ್ಮೆ ಬದಲಿಸಬೇಕಾಗುತ್ತದೆ ಎಂದಾದರೆ ತ್ವರಿತ ಜೋಡಣೆ ತನ್ನ ಬೆಲೆಯನ್ನು ತೀರಿಸುತ್ತದೆ.

ಫಲಕವೋ ಯೂರೋವೋ ಎಂಬುದಕ್ಕೆ ಉತ್ತರ ಪುಸ್ತಕದಲ್ಲಿಲ್ಲ, ನಿಮ್ಮ ಸುತ್ತಮುತ್ತ ಇದೆ. ನೆರೆಯವರ ಬಳಿ, ಬಾಡಿಗೆ ಕೇಂದ್ರದಲ್ಲಿ, ರಿಪೇರಿ ಅಂಗಡಿಯಲ್ಲಿ ಯಾವ ಪದ್ಧತಿ ಇದೆಯೋ ಅದನ್ನೇ ಹಿಡಿಯಿರಿ. ಒಳ್ಳೆಯದಾದರೂ ಒಂಟಿಯಾದ ಕೀಲಿಗಿಂತ, ಎರವಲು ಕೊಡುಕೊಳ್ಳಲು ಬರುವ ಸಾಧಾರಣ ಕೀಲು ಮೇಲು.

ನಮ್ಮ ನೆಲಕ್ಕೆ ಮಾತ್ರ ಸೇರಿದ ಒಂದು ಎಚ್ಚರಿಕೆಯುಂಟು. ಎರೆಮಣ್ಣು ಹಸಿಯಾದಾಗ ಅಂಟು, ಒಣಗಿದಾಗ ಕಲ್ಲು. ಫಲಕದ ಕೆಳಗಿನ ಸಂದುಗಳಲ್ಲಿ ಅದು ಸೇರಿ ಗಟ್ಟಿಯಾದರೆ ಗೂಟ ಪೂರ್ತಿ ಇಳಿಯುವುದಿಲ್ಲ. ಹಿಡಿಕೆ ಮಲಗಿದಂತೆ ಕಾಣುತ್ತದೆ. ಗೂಟ ಅರ್ಧದಲ್ಲಿಯೇ ನಿಂತಿರುತ್ತದೆ. ಬಕೆಟ್ಟು ಮೇಲಕ್ಕೆ ಹೋದಾಗ ಕಳಚಿ ಬೀಳುವುದು ಹೀಗೆ. ಆದುದರಿಂದ ಪ್ರತಿ ಸಲವೂ ಕಬ್ಬಿಣದ ಕಡ್ಡಿಯಿಂದ ಸಂದು ಕೆದಕಿ, ಗೂಟದ ತುದಿ ಆಚೆ ಬಂದಿರುವುದನ್ನು ಕಣ್ಣಾರೆ ನೋಡಬೇಕು. ಬಳಿಕ ಬಕೆಟ್ಟನ್ನು ಕೆಳಮುಖವಾಗಿ ಬಗ್ಗಿಸಿ ತುದಿಯನ್ನು ನೆಲಕ್ಕೆ ಒತ್ತಿ ನೋಡಬೇಕು. ಕೀಲು ಸಡಿಲವಿದ್ದರೆ ನೆಲದ ಮೇಲೆಯೇ ಬಿಟ್ಟುಕೊಳ್ಳುತ್ತದೆ, ತಲೆಯ ಮೇಲಲ್ಲ.

ಕೊಳ್ಳುವ ಮುನ್ನ

ಅಂಗಡಿಯಲ್ಲಿಯೇ ಜೋಡಿಸಿ ತೋರಿಸಲು ಹೇಳಿ. ಸಲಕರಣೆ ಬೇರೆ ಕಡೆಯದಾದರೆ ಅದನ್ನು ಹೇರಿಕೊಂಡು ಹೋಗಿ, ಅಥವಾ ರಟ್ಟಿನಲ್ಲಿ ತೂತುಗಳ ಪಡಿಯಚ್ಚು ಕತ್ತರಿಸಿಕೊಂಡು ಹೋಗಿ. ಮೇಲಂಚು ಉದ್ದಕ್ಕೂ ಕೂಡಿದೆಯೇ, ಕುಳಿತಲ್ಲಿಂದ ಕೀಲು ಕಾಣುತ್ತದೆಯೇ, ಮನೆಯ ಇನ್ನೊಬ್ಬರು ಸುತ್ತಿಗೆ ಮುಟ್ಟದೆ ಬಿಚ್ಚಿ ಹಾಕಬಲ್ಲರೇ ಎಂದು ನೋಡಿ. ಲೋಡರಿನ ಅಡಿಗಟ್ಟು ಬರಿಯ ಎಂಜಿನ್ನಿನ ಮೂತಿಗೆ ಬಿಗಿದಿರಬಾರದು. ಹಿಂದಿನ ಅಚ್ಚಿನವರೆಗೆ ಹಾದುಬಂದಿರಬೇಕು. ಇಲ್ಲವಾದರೆ ಭಾರವೆಲ್ಲ ಎಂಜಿನ್ನು, ಕ್ಲಚ್ಚುಗಳ ಕವಚದ ಮೇಲೆ ಬಿದ್ದು ಅದು ಬಿರಿಯುತ್ತದೆ. ನಾಲ್ಕೂ ಗಾಲಿ ಓಡುವ ಟ್ರ್ಯಾಕ್ಟರು ಲೋಡರಿಗೆ ಹೆಚ್ಚು ಯೋಗ್ಯ.

ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಜೋಡಣೆ ಮಾಡಿಸುವುದು ತಪ್ಪಲ್ಲ. ಆದರೆ ಸಲಕರಣೆಯ ಬೆನ್ನಿಗೆ ಮಾತ್ರ ಬೆಸುಗೆ ಹಾಕಿಸಿ. ಲೋಡರಿನ ತೋಳಿಗೆ ಬೇಡ. ಎರಡು ಪಕ್ಕದ ಬಳೆಗಳಲ್ಲಿ ಒಂದೇ ಕಂಬಿ ತೂರಿಸಿ, ನೇರ ಮಾಡಿಕೊಂಡು ಬೆಸೆಯಬೇಕು. ಟ್ರ್ಯಾಕ್ಟರಿನ ಮೇಲೆಯೇ ಬೆಸೆಯುವ ಅನಿವಾರ್ಯ ಬಂದರೆ ಬ್ಯಾಟರಿಯ ತಂತಿ ಬಿಚ್ಚಿರಿ.

ಇನ್ನು ಬಳಕೆಯ ನಿಯಮಗಳು ಕೆಲವೇ, ಆದರೆ ಪ್ರಾಣಕ್ಕೆ ಸಂಬಂಧಿಸಿದವು. ಮುಂದೆ ಭಾರ ಬಿದ್ದಾಗ ಹಿಂದಿನ ಗಾಲಿ ಹಗುರವಾಗುತ್ತದೆ. ಬ್ರೇಕು ಇರುವುದು ಸಾಮಾನ್ಯವಾಗಿ ಹಿಂದಿನ ಗಾಲಿಗೇ. ಆದುದರಿಂದ ಹಿಂದಿನ ಮೂರು ಬಿಂದುಗಳಿಗೆ ಪ್ರತಿಭಾರ ಕಟ್ಟದೆ ಲೋಡರು ನಡೆಸಬಾರದು. ಭಾರ ಹೊತ್ತು ಸಾಗುವಾಗ ಬಕೆಟ್ಟು ನೆಲಕ್ಕೆ ಸಮೀಪವಿರಲಿ. ಎತ್ತಿದ ಬಕೆಟ್ಟಿನ ಕೆಳಗೆ ಯಾರೂ ನಿಲ್ಲಬಾರದು. ಬಕೆಟ್ಟಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೋಗುವ ಚೇಷ್ಟೆಯಂತೂ ಬೇಡವೇ ಬೇಡ. ಕೀಲು ಬದಲಿಸುವಾಗ ಎಂಜಿನ್ನು ನಿಲ್ಲಿಸಿ, ತೋಳನ್ನು ನೆಲಕ್ಕಿಳಿಸಿ, ಹಿಡಿಕೆ ಅಲ್ಲಾಡಿಸಿ ಎಣ್ಣೆಯ ಒತ್ತಡ ಬಿಡಬೇಕು. ತೂತು ನೇರವಾಯಿತೇ ಎಂದು ಬೆರಳು ತೂರಿಸಿ ನೋಡಬಾರದು. ಎಣ್ಣೆ ಸೋರುವುದನ್ನು ಕೈಯಿಂದ ಹುಡುಕಬಾರದು. ಸಣ್ಣ ರಂಧ್ರದಿಂದ ಚಿಮ್ಮುವ ಎಣ್ಣೆ ಸೂಜಿಯಂತೆ ಚರ್ಮದೊಳಗೆ ಹೊಗುತ್ತದೆ. ರಟ್ಟಿನ ತುಂಡು ಹಿಡಿದು ನೋಡಿ. ಹಾಗೇನಾದರೂ ಎಣ್ಣೆ ಹೊಕ್ಕರೆ, ಗಾಯ ಚಿಕ್ಕದೆಂದು ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಕೊನೆಗೆ ಒಂದು ಮಾತು. ನಾಲ್ಕೈದು ಎಕರೆಯ ಹಿಡುವಳಿಗೆ ಲೋಡರನ್ನು ಸ್ವಂತಕ್ಕೆ ಕೊಳ್ಳಲೇಬೇಕೆಂದೇನೂ ಇಲ್ಲ. ವರ್ಷಕ್ಕೆ ಎಂಟು ಹತ್ತು ದಿನದ ಕೆಲಸವಾದರೆ ಗಂಟೆ ಬಾಡಿಗೆಯ ಯಂತ್ರವೇ ಅಗ್ಗ. 2014–15ರಲ್ಲಿ ಆರಂಭವಾದ ಕೃಷಿ ಯಂತ್ರಧಾರೆ ಯೋಜನೆ ಇಂಥ ಬಾಡಿಗೆಗೆಂದೇ ಹುಟ್ಟಿದ್ದು. ನಿಮ್ಮ ಹೋಬಳಿಯಲ್ಲಿ ಏನೇನು ದೊರೆಯುತ್ತದೆಂದು ಮೊದಲು ವಿಚಾರಿಸಿ. ಕೊಳ್ಳುವುದೇ ನಿಶ್ಚಯವಾದರೆ ಊರಿನ ತಮ್ಮನನ್ನು ಮನೆಗೆ ಕರೆದು, ವರ್ಷದ ಕೆಲಸಗಳನ್ನು ಒಂದು ಹಾಳೆಯಲ್ಲಿ ಬರೆದು, ತೂಕದ ಲೆಕ್ಕವನ್ನು ಕೂಡಿಯೇ ಮಾಡಿ.

ವ್ಯಾಕರಣದಲ್ಲಿ ಎರಡು ಪದ ಕೂಡುವಾಗ ಅಕ್ಷರವೊಂದು ಲೋಪವಾದರೆ ಅದನ್ನು ಲೋಪಸಂಧಿ ಎನ್ನುತ್ತೇವೆ. ಅದರಿಂದ ಯಾರಿಗೂ ನೋವಿಲ್ಲ. ಉಕ್ಕು ಉಕ್ಕಿನೊಡನೆ ಕೂಡುವಲ್ಲಿ ಲೋಪವಾಗುವುದು ಬೆರಳು. ನಮ್ಮ ಹುಡುಗ ಈಗ ಚೌಕಟ್ಟಿನ ಬೆನ್ನನ್ನು ಕತ್ತರಿಸಿ, ಸರಿಯಾದ ಅಳತೆಯ ಬಳೆ ಬೆಸೆಸಿಕೊಂಡು ಕೆಲಸ ನಡೆಸುತ್ತಿದ್ದಾನೆ. ಸುತ್ತಿಗೆ ಮೂಲೆ ಸೇರಿದೆ. ಮುಂದಿನ ಸಲ ಯಾವ ಕಾಗದಕ್ಕೆ ರುಜು ಹಾಕುವಾಗಲೂ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ಕೀಲು ಯಾವುದು?